*ಇಂದಿನ ಚಿಂತನೆ: ಪಾಲ್ವಂಕರ್ ಬಾಲು ಅವರಿಗೆ ಸಲ್ಲಬೇಕಾದದ್ದು*



ಉಪಾಸಕ ಉಪಾಸಿಕೆಯರೇ, ರಣಜಿ ಹೆಸರು ನಮ್ಮ ಮಹಾಗಾಂವದಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆಲ್ಲ ಗೊತ್ತು. ಬಾಲು ಯಾರೆಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಅದಕ್ಕೇ ಇಂದು ಅವರ ಬಗ್ಗೆ ಬರೆಯುತ್ತಿದ್ದೇನೆ.

ಬಾಲು ಹುಟ್ಟಿದ್ದು ನಮ್ಮ ಧಾರವಾಡದಲ್ಲೇ, 1876ರಲ್ಲಿ, ಚಮ್ಮಾರ ಕುಟುಂಬದಲ್ಲಿ. ಪುಣೆಯ ಬ್ರಿಟಿಷರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಪಗಾರ. ಮೈದಾನ ಸಜ್ಜು ಮಾಡಬೇಕು, ಸಾಹೇಬರ ಅಭ್ಯಾಸಕ್ಕೆ ಬೌಲಿಂಗ್ ಹಾಕಬೇಕು. ಹಾಕಿ ಹಾಕಿ ಎಡಗೈ ಸ್ಪಿನ್ ಪಳಗಿತು. ಪುಣೆಯ ಹಿಂದೂ ತಂಡ ಗೆಲ್ಲುವುದಕ್ಕಾಗಿ ಅವರನ್ನು ಸೇರಿಸಿಕೊಂಡಿತು. ಅವರು ಎಸೆದ ಚೆಂಡನ್ನು ಮುಟ್ಟಿದವರೇ ಚಹಾದ ಹೊತ್ತಿಗೆ ಅವರನ್ನು ಹೊರಗೆ ನಿಲ್ಲಿಸಿ, ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಟ್ಟರು.

1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕ ಪಟಿಯಾಲದ ಮಹಾರಾಜ. ಬಾಲು ಪ್ರಥಮ ದರ್ಜೆ ಪಂದ್ಯಗಳಲ್ಲೇ 75 ವಿಕೆಟ್ ತೆಗೆದರು. ಒಟ್ಟು 33 ಪಂದ್ಯಗಳಲ್ಲಿ 179 ವಿಕೆಟ್, ಒಂದೊಂದಕ್ಕೆ ಸುಮಾರು 15 ರನ್. ಇಷ್ಟಾದರೂ ಮುಂಬಯಿಯ ಹಿಂದೂ ತಂಡ ಅವರನ್ನು ನಾಯಕರನ್ನಾಗಿ ಮಾಡಲಿಲ್ಲ. 1920ರಲ್ಲಿ ಜಗಳವಾದ ಮೇಲೆ ಉಪನಾಯಕ ಪಟ್ಟ ಸಿಕ್ಕಿತು, ಅಷ್ಟೇ. 1923ರಲ್ಲಿ ತಮ್ಮ ವಿಠ್ಠಲ್ ನಾಯಕರಾದರು, ತಂಡ ಗೆದ್ದಿತು.

ಇಂಗ್ಲೆಂಡಿನಿಂದ ಬಂದ ಬಾಲು ಅವರನ್ನು ಮುಂಬಯಿಯ ದಲಿತರು ಸನ್ಮಾನಿಸಿದಾಗ ಮಾನಪತ್ರ ಅರ್ಪಿಸಿದವರು ಯುವಕ ಭೀಮರಾವ್.

ಮುಂದೆ ದಾರಿ ಬೇರೆಯಾಯಿತು. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ವಿಷಯದಲ್ಲಿ ಬಾಲು ಬಾಬಾಸಾಹೇಬರ ಎದುರು ನಿಂತರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಅವರ ವಿರುದ್ಧವೇ ಸ್ಪರ್ಧಿಸಿ ಸೋತರು. ನಾಗಪುರದ ದೀಕ್ಷೆಗೆ ಒಂದು ವರ್ಷ ಮೊದಲು, 1955ರ ಜುಲೈಯಲ್ಲಿ ತೀರಿಕೊಂಡರು.

ಈ ಕಾರಣಕ್ಕೆ ನಮ್ಮಲ್ಲೂ ಕೆಲವರು ಅವರ ಹೆಸರು ಎತ್ತುವುದಿಲ್ಲ. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಹುಟ್ಟು ನೋಡಿ ನಾಯಕತ್ವ ತಪ್ಪಿಸಿದ್ದು ಅನ್ಯಾಯವಾದರೆ, ಪಕ್ಷ ನೋಡಿ ವಿಕೆಟ್ ಮರೆಯುವುದೂ ಅನ್ಯಾಯವೇ. ಹುಟ್ಟನ್ನಲ್ಲ, ಮಾಡಿದ ಕೆಲಸವನ್ನು ನೋಡಿ ಮನುಷ್ಯನನ್ನು ಅಳೆಯುವುದನ್ನು ಭಗವಾನ್ ಬುದ್ಧರು ಕಲಿಸಿದರು. ಅವರ ರಾಜಕೀಯವನ್ನು ಒಪ್ಪಬೇಕಿಲ್ಲ. ಅವರ ಬೌಲಿಂಗಿನ ಲೆಕ್ಕ ಸರಿಯಾಗಿ ಇಟ್ಟರೆ ಸಾಕು.

ನನ್ನದೊಂದು ವಿನಂತಿ: ಮುಂದಿನ ಭೀಮ ಜಯಂತಿಯ ಟೂರ್ನಮೆಂಟಿನಲ್ಲಿ ಉತ್ತಮ ಬೌಲರ್ ಬಹುಮಾನವನ್ನು ಬಾಲು ಅವರ ಹೆಸರಿನಲ್ಲಿ ಕೊಡೋಣ. ಒಪ್ಪದವರು ಭಾನುವಾರ ವಿಹಾರಕ್ಕೆ ಬಂದು ಹೇಳಿ, ಕೂತು ಮಾತಾಡೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 💙