ಲೂ ಗೆಹ್ರಿಗ್ ಮತ್ತು ಆಟಗಾರನ ಬೆಲೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸ್‌ಬಾಲ್ ಆಟಕ್ಕಿರುವ ಹುಚ್ಚು ನಮ್ಮಲ್ಲಿ ಕ್ರಿಕೆಟ್ಟಿಗಿರುವ ಹುಚ್ಚಿಗೇನೂ ಕಡಿಮೆಯದಲ್ಲ. ಆಟದ ಋತು ಮುಗಿಯುತ್ತ ಬಂದಂತೆ ಅಲ್ಲಿಯ ಪತ್ರಿಕೆಗಳಲ್ಲಿಯೂ ಬೀದಿಗಳಲ್ಲಿಯೂ ಒಂದೇ ವಾದ ಹುಟ್ಟಿಕೊಳ್ಳುತ್ತದೆ: ಈ ವರ್ಷದ ಅತ್ಯಮೂಲ್ಯ ಆಟಗಾರನು ಯಾರು? ಪ್ರಶಸ್ತಿಯ ಹೆಸರಿನಲ್ಲಿಯೇ ಜಗಳದ ಬೀಜವಿದೆ. ಅದು ಅತ್ಯುತ್ತಮ ಆಟಗಾರನಿಗೆ ಎಂದು ಹೇಳುವುದಿಲ್ಲ. ಅತ್ಯಂತ ಬೆಲೆಯುಳ್ಳವನಿಗೆ ಎಂದು ಹೇಳುತ್ತದೆ. ಬೆಲೆ ಎಂದರೆ ಯಾರಿಗೆ? ನೋಡುವವರಿಗೋ, ತಂಡಕ್ಕೋ, ಲೆಕ್ಕದ ಪುಸ್ತಕಕ್ಕೋ? ಈ ಪ್ರಶ್ನೆ ಒಬ್ಬ ಆಟಗಾರನ ಬಾಳನ್ನು ಮತ್ತೆ ಮತ್ತೆ ಬಂದು ತಟ್ಟಿತು. ಅವನೇ ನ್ಯೂಯಾರ್ಕ್ ಯಾಂಕೀಸ್ ತಂಡದ ಲೂ ಗೆಹ್ರಿಗ್.

ಗೆಹ್ರಿಗ್ ಹುಟ್ಟಿದ್ದು 1903ನೆಯ ಇಸವಿ ಜೂನ್ 19ರಂದು, ನ್ಯೂಯಾರ್ಕ್ ನಗರದ ಬಡವರ ಕೇರಿಯೊಂದರಲ್ಲಿ. ತಂದೆ ಹೈನ್ರಿಕ್, ತಾಯಿ ಕ್ರಿಸ್ಟೀನಾ. ಇಬ್ಬರೂ ಜರ್ಮನಿಯಿಂದ ಹೊಟ್ಟೆಪಾಡಿಗಾಗಿ ಬಂದವರು. ನಾಲ್ಕು ಮಕ್ಕಳಲ್ಲಿ ಉಳಿದುಕೊಂಡವನು ಇವನೊಬ್ಬನೇ. ತಂದೆ ತಗಡಿನ ಕೆಲಸ ಬಲ್ಲವನಾದರೂ ಕಾಯಿಲೆಯ ಮನುಷ್ಯ. ಕೈಗೆ ಕೆಲಸವಿದ್ದ ದಿನಗಳಿಗಿಂತ ಇಲ್ಲದ ದಿನಗಳೇ ಹೆಚ್ಚು. ಸಂಸಾರದ ಭಾರವೆಲ್ಲ ತಾಯಿಯ ಮೇಲೆ. ಆಕೆ ಕಂಡವರ ಮನೆಗಳಲ್ಲಿ ಅಡಿಗೆ ಮಾಡಿದಳು, ಬಟ್ಟೆ ಒಗೆದಳು. ಕೊನೆಗೆ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಕೂಡಿ ವಾಸಿಸುತ್ತಿದ್ದ ನಿಲಯವೊಂದರಲ್ಲಿ ಅಡಿಗೆಯವಳಾಗಿ ಸೇರಿದಳು. ಮಗನು ಶಾಲೆ ಮುಗಿಸಿ ಅಲ್ಲಿಗೆ ಹೋಗಿ ಪಾತ್ರೆ ಬೆಳಗಿ, ಶ್ರೀಮಂತರ ಮಕ್ಕಳಿಗೆ ಊಟ ಬಡಿಸಿದನು. ಮುಂದೆ ಅದೇ ಕೊಲಂಬಿಯಾದಲ್ಲಿ ಅವನು ಇಂಜಿನಿಯರಿಂಗ್ ಓದಲು ಸೇರಿದನು. ತಾಯ್ತಂದೆಗಳು ಕಾಲೇಜಿನ ಬಾಗಿಲನ್ನೇ ಕಾಣದ ಮನೆಗಳಿಂದ ಬಂದ ನನ್ನಂಥವರಿಗೆ, ಅವನ ಮುಂದಿನ ಐನೂರು ಹೊಡೆತಗಳಿಗಿಂತ ಈ ಒಂದು ಸಂಗತಿಯೇ ಹೆಚ್ಚು ಹತ್ತಿರವೆನಿಸುತ್ತದೆ. ತಾನು ನಿನ್ನೆ ಎಂಜಲೆತ್ತಿದ ಹುಡುಗರ ಪಕ್ಕದಲ್ಲಿಯೇ ಇಂದು ಬೆಂಚಿನ ಮೇಲೆ ಕೂರಬೇಕಾದವನ ಮನಸ್ಸು ಹೇಗಿದ್ದಿರಬೇಕು!

ಹುಡುಗನ ತೋಳಿನ ಬಲ ಮಾತ್ರ ಆಗಲೇ ಹೊರಬಿದ್ದಿದ್ದಿತು. 1920ರಲ್ಲಿ ಅವನ ಪ್ರೌಢಶಾಲೆಯ ತಂಡವು ಚಿಕಾಗೋ ನಗರಕ್ಕೆ ಆಡಲು ಹೋದಾಗ, ಹದಿನೇಳರ ಈ ಬಾಲಕನು ವೃತ್ತಿ ಆಟಗಾರರ ದೊಡ್ಡ ಮೈದಾನದಿಂದಲೇ ಚೆಂಡನ್ನು ಹೊರಕ್ಕೆ ಅಟ್ಟಿ ನೋಡುವವರನ್ನು ಬೆರಗುಗೊಳಿಸಿದನು. ಕಾಲೇಜಿನ ತಂಡದಲ್ಲಿ ಅವನು ಚೆಂಡೆಸೆಯುವವನೂ ಆಗಿದ್ದನು. 1923ರ ಏಪ್ರಿಲ್ 18ರಂದು ಒಂದೇ ಪಂದ್ಯದಲ್ಲಿ 17 ಮಂದಿಯನ್ನು ಔಟ್ ಮಾಡಿದನು. ವಿಚಿತ್ರವೆಂದರೆ ಆ ಪಂದ್ಯ ಸೋತಿತು. ಮತ್ತು ಅದೇ ದಿನ ನಗರದ ಇನ್ನೊಂದು ಕಡೆ ಹೊಸ ಯಾಂಕೀ ಕ್ರೀಡಾಂಗಣದ ಪ್ರಾರಂಭೋತ್ಸವವಿದ್ದುದರಿಂದ ಜನರ ಕಣ್ಣೆಲ್ಲ ಅತ್ತಲೇ ಇದ್ದಿತು. ಗೆಹ್ರಿಗ್‌ನ ಬಾಳಿನಲ್ಲಿ ಇಂಥ ಕಾಕತಾಳೀಯಗಳು ಒಂದೆರಡಲ್ಲ.

ಆ ವರ್ಷವೇ ಯಾಂಕೀಸ್ ತಂಡದವರು ಅವನನ್ನು ಕರೆದರು. ಕೈಗೆ 1,500 ಡಾಲರ್ ಮುಂಗಡ. ಮನೆಯಲ್ಲಿ ತಾಯ್ತಂದೆಗಳಿಬ್ಬರಿಗೂ ಕಾಯಿಲೆ, ವೈದ್ಯನಿಗೆ ಕೊಡಲು ಕಾಸಿಲ್ಲ. ಮಗನು ಇಂಜಿನಿಯರ್ ಆಗಬೇಕೆಂದು ತಾಯಿ ಕಟ್ಟಿದ್ದ ಕನಸನ್ನು ಮಡಿಸಿಟ್ಟು, ಪದವಿಯಿಲ್ಲದೆ ಅವನು ಕಾಲೇಜನ್ನು ಬಿಟ್ಟನು.

ಎರಡು ವರ್ಷ ಅವನು ಬಹುಮಟ್ಟಿಗೆ ಹಾರ್ಟ್‌ಫರ್ಡ್ ಊರಿನ ಕಿರಿಯ ತಂಡದಲ್ಲಿ ಪಳಗಿದನು. 1925ರ ಜೂನ್ 1ರಂದು ಯಾಂಕೀಸ್ ಪರವಾಗಿ ಮತ್ತೊಬ್ಬನ ಬದಲಿಗೆ ಬ್ಯಾಟು ಹಿಡಿದನು. ಮರುದಿನ ಮೊದಲನೆಯ ಬೇಸ್‌ನಲ್ಲಿ ನಿಲ್ಲುತ್ತಿದ್ದ ವಾಲಿ ಪಿಪ್ ಎಂಬಾತನ ಸ್ಥಾನ ಇವನಿಗೆ ದೊರೆಯಿತು. ಪಿಪ್‌ಗೆ ಅಂದು ತಲೆನೋವು ಬಂದಿತ್ತೆಂದೂ, ಒಂದು ತಲೆನೋವು ಅವನ ಅನ್ನವನ್ನೇ ಕಳೆಯಿತೆಂದೂ ಒಂದು ಕಥೆಯನ್ನು ಅಮೆರಿಕನ್ನರು ಚಪ್ಪರಿಸಿ ಹೇಳುತ್ತಾರೆ. ನಿಜವಾಗಿ ನಡೆದದ್ದು ಇಷ್ಟೇ: ತಂಡವು ಸೋಲಿನ ಮೇಲೆ ಸೋಲು ಕಾಣುತ್ತಿದ್ದಿತು, ನಿರ್ವಾಹಕ ಮಿಲ್ಲರ್ ಹಗಿನ್ಸ್ ಕೆಲವು ಹಳಬರನ್ನು ಕೂರಿಸಿ ಹೊಸಬರನ್ನು ಆಡಿಸಿದನು. ಅಂದಿನಿಂದ 1939ರ ಏಪ್ರಿಲ್ 30ರ ವರೆಗೆ ಗೆಹ್ರಿಗ್ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಒಟ್ಟು 2,130 ಪಂದ್ಯಗಳು! ಬೆರಳು ಮುರಿದರೂ ಆಡಿದನು, ಚೆಂಡು ತಲೆಗೆ ಬಡಿದು ಬಿದ್ದರೂ ಮರುದಿನ ಬಂದು ನಿಂತನು.

ಇಲ್ಲಿ ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಮೈದಾನದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳಿರುತ್ತವೆ; ಅವೇ ಬೇಸ್‌ಗಳು. ಹೊಡೆದವನು ಮೂರು ನೆಲೆಗಳನ್ನು ಸುತ್ತಿ ತಾನು ಹೊರಟ ನಾಲ್ಕನೆಯ ನೆಲೆಗೆ ಮರಳಿದರೆ ಒಂದು ಓಟ. ಚೆಂಡನ್ನು ಬೇಲಿಯಾಚೆಗೆ ಹೊಡೆದರೆ ಅದು ಹೋಮ್ ರನ್. ಆಗ ನಡುವಿನ ನೆಲೆಗಳಲ್ಲಿ ನಿಂತ ಸಂಗಡಿಗರೂ ನಿಶ್ಚಿಂತೆಯಾಗಿ ಮನೆ ಸೇರುತ್ತಾರೆ. ಹೊಡೆತದ ಸರಾಸರಿ, ಹೋಮ್ ರನ್‌ಗಳ ಸಂಖ್ಯೆ, ತನ್ನ ಹೊಡೆತದಿಂದ ತಂಡಕ್ಕೆ ದೊರಕಿಸಿದ ಓಟಗಳು, ಈ ಮೂರರಲ್ಲಿಯೂ ಲೀಗಿಗೆಲ್ಲ ಮೊದಲಿಗನಾದವನಿಗೆ ತ್ರಿಕಿರೀಟ ದೊರೆಯಿತೆನ್ನುತ್ತಾರೆ. ಅದು ತೀರ ಅಪರೂಪ.

ಗೆಹ್ರಿಗ್‌ನ ದುರದೃಷ್ಟವೋ ಅದೃಷ್ಟವೋ, ಅವನಿಗೆ ದೊರೆತ ಸಂಗಡಿಗನು ಬೇಬ್ ರೂತ್. ರೂತ್ ಎಂದರೆ ಜಾತ್ರೆ. ಅವನ ನಗು, ಊಟ, ಮೋಜು ಎಲ್ಲವೂ ಪತ್ರಿಕೆಗಳಿಗೆ ಸುದ್ದಿ. ಗೆಹ್ರಿಗ್ ಸಂಕೋಚದ ಪ್ರಾಣಿ. ಆಟ ಮುಗಿದೊಡನೆ ತಾಯಿಯ ಕೈ ಅಡಿಗೆಗೆ ಓಡುವವನು. 1927ರಲ್ಲಿ ರೂತ್ 60 ಹೋಮ್ ರನ್ ಹೊಡೆದು ಲೋಕವನ್ನೇ ಗೆದ್ದನು. ಆದರೆ ಆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಹೋದದ್ದು 47 ಹೋಮ್ ರನ್ ಹೊಡೆದ ಗೆಹ್ರಿಗ್‌ಗೆ. ಇದಕ್ಕೆ ಕಾರಣವುಂಟು. ಆಗ ಅಮೆರಿಕನ್ ಲೀಗಿನವರೇ ಪ್ರಶಸ್ತಿ ಕೊಡುತ್ತಿದ್ದರು. ಒಮ್ಮೆ ಪಡೆದವನಿಗೆ ಮತ್ತೆ ಕೊಡಬಾರದೆಂಬ ನಿಯಮ ಅವರಲ್ಲಿದ್ದಿತು. ರೂತ್ 1923ರಲ್ಲಿಯೇ ಪಡೆದಿದ್ದುದರಿಂದ ಅವನ ಹೆಸರನ್ನು ಎತ್ತುವಂತೆಯೇ ಇರಲಿಲ್ಲ. ಆದ್ದರಿಂದ ಗೆಹ್ರಿಗ್‌ನ ಮೊದಲ ಕಿರೀಟಕ್ಕೆ ಒಂದು ಸಣ್ಣ ಮಚ್ಚೆ ಅಂಟಿಯೇ ಉಳಿಯಿತು. ಆದರೂ ನಾನು ಅದನ್ನು ಅನ್ಯಾಯದ ಪ್ರಶಸ್ತಿ ಎನ್ನಲಾರೆ. ಸರಾಸರಿಯಲ್ಲಿ ಗೆಹ್ರಿಗ್ ಸಾವಿರಕ್ಕೆ 373, ರೂತ್ 356. ರೂತ್‌ನ ಬೆನ್ನಿಗೆ ಇವನು ಬರುತ್ತಾನೆಂಬ ಭಯದಿಂದಲೇ ಎದುರಾಳಿಗಳು ರೂತ್‌ಗೆ ಚೆಂಡನ್ನು ನೇರವಾಗಿ ಎಸೆಯಬೇಕಾಗುತ್ತಿತ್ತು. ಆ 60ರಲ್ಲಿ ಇವನ ಪಾಲೂ ಉಂಟು.

1932ರ ಜೂನ್ 3ರಂದು ಫಿಲಡೆಲ್ಫಿಯಾದಲ್ಲಿ ಗೆಹ್ರಿಗ್ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದನು. ಆ ಶತಮಾನದಲ್ಲಿ ಅಮೆರಿಕನ್ ಲೀಗಿನಲ್ಲಿ ಅದುವರೆಗೆ ಯಾರೂ ಅದನ್ನು ಮಾಡಿರಲಿಲ್ಲ. ಆದರೆ ಆ ದಿನವೇ ನ್ಯೂಯಾರ್ಕ್ ಜಯಂಟ್ಸ್ ತಂಡದ ಹಿರಿಯ ನಿರ್ವಾಹಕ ಜಾನ್ ಮೆಕ್‌ಗ್ರಾ ಮೂವತ್ತು ವರ್ಷಗಳ ಸೇವೆಯ ಬಳಿಕ ನಿವೃತ್ತನಾದನು. ದೊಡ್ಡ ತಲೆಬರಹವೆಲ್ಲ ಅವನ ಪಾಲಾಯಿತು.

ಈಗ 1934ಕ್ಕೆ ಬರೋಣ. ವಾದದ ತಿರುಳು ಇಲ್ಲಿದೆ. ಆ ವರ್ಷ ಗೆಹ್ರಿಗ್ ತ್ರಿಕಿರೀಟವನ್ನು ಧರಿಸಿದನು: ಸರಾಸರಿ ಸಾವಿರಕ್ಕೆ 363, ಹೋಮ್ ರನ್ 49, ದೊರಕಿಸಿದ ಓಟಗಳು 160ಕ್ಕೂ ಹೆಚ್ಚು. ಪ್ರಶಸ್ತಿಯನ್ನು ಕೊಡುವ ಕೆಲಸ 1931ರಿಂದ ಬೇಸ್‌ಬಾಲ್ ಬರಹಗಾರರ ಸಂಘಕ್ಕೆ ಬಂದಿದ್ದಿತು. ಲೀಗಿನ ಎಂಟು ನಗರಗಳಿಂದ ಒಬ್ಬೊಬ್ಬ ಪತ್ರಕರ್ತನು ಮತ ಹಾಕುತ್ತಿದ್ದನು. ಮತಗಳನ್ನು ಎಣಿಸಿದಾಗ ಗೆಹ್ರಿಗ್‌ಗೆ ದೊರೆತದ್ದು ಎರಡನೆಯ ಸ್ಥಾನವೂ ಅಲ್ಲ, ಮೂರನೆಯದೂ ಅಲ್ಲ, ಐದನೆಯದು! ಪ್ರಶಸ್ತಿ ಡೆಟ್ರಾಯಿಟ್ ಟೈಗರ್ಸ್ ತಂಡದ ಮಿಕಿ ಕಾಕ್ರನ್ ಪಾಲಾಯಿತು. ಕಾಕ್ರನ್ ಆ ವರ್ಷ ಹೊಡೆದ ಹೋಮ್ ರನ್‌ಗಳು ಎರಡೇ ಎರಡು.

ಇದನ್ನು ಓದಿದೊಡನೆ ಯಾರಿಗಾದರೂ ಮೈ ಉರಿಯುತ್ತದೆ. ಆದರೆ ಕಾಕ್ರನ್‌ನ ಕಡೆಯ ವಾದವನ್ನೂ ಕೇಳಬೇಕು. ಹಿಂದಿನ ವರ್ಷ ಐದನೆಯ ಸ್ಥಾನದಲ್ಲಿ ಬಿದ್ದಿದ್ದ ತಂಡಕ್ಕೆ ಅವನು ಹೊಸದಾಗಿ ಬಂದನು. ಆಟಗಾರನೂ ನಿರ್ವಾಹಕನೂ ಅವನೇ. ಚೆಂಡೆಸೆಯುವವನಿಗೆ ಎದುರಾಗಿ ಕುಕ್ಕುರುಗಾಲಿನಲ್ಲಿ ಕುಳಿತು ಪ್ರತಿ ಎಸೆತವನ್ನೂ ಹಿಡಿಯುವ ಕ್ಯಾಚರ್ ಅವನು. ಮೈದಾನವೆಲ್ಲ ಅವನ ಕಣ್ಣ ಮುಂದೆ. ಒಂದೇ ವರ್ಷದಲ್ಲಿ ಡೆಟ್ರಾಯಿಟ್ 101 ಪಂದ್ಯಗಳನ್ನು ಗೆದ್ದು, 1909ರ ಬಳಿಕ ಮೊದಲ ಸಲ ಲೀಗಿನ ಪತಾಕೆಯನ್ನು ಹಿಡಿಯಿತು. ಯಾಂಕೀಸ್ 7 ಪಂದ್ಯಗಳಷ್ಟು ಹಿಂದುಳಿಯಿತು. ಗೆಹ್ರಿಗ್ ಇಲ್ಲದಿದ್ದರೆ ಯಾಂಕೀಸ್ ಎರಡನೆಯದರ ಬದಲು ಮೂರನೆಯದಾಗುತ್ತಿತ್ತು. ಕಾಕ್ರನ್ ಇಲ್ಲದಿದ್ದರೆ ಡೆಟ್ರಾಯಿಟ್ ಎಲ್ಲಿರುತ್ತಿತ್ತು? ಹೀಗೆ ಅವರ ತರ್ಕ.

ತರ್ಕ ಸೊಗಸಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ತಂಡದ ಜಯವೇ ಒಬ್ಬನ ಬೆಲೆಯ ಅಳತೆಯಾದರೆ, ಉಳಿದವರು ಸರಿಯಾಗಿ ಚೆಂಡೆಸೆಯದ ತಪ್ಪಿಗೂ ಇವನೇ ದಂಡ ತೆರಬೇಕಾಗುತ್ತದೆ. ಗದ್ದೆಯಲ್ಲಿ ಒಬ್ಬ ಆಳು ಇಬ್ಬರ ಕೆಲಸ ಮಾಡಿದರೂ ಮಳೆ ಬಾರದ ವರ್ಷ ಅವನ ಕೂಲಿಯನ್ನು ಕಡಿಯುವುದು ನ್ಯಾಯವೇ? ಕಾಕ್ರನ್‌ಗೆ ಕೊಟ್ಟುದನ್ನಾದರೂ ಸಹಿಸಬಹುದು. ಆದರೆ ಗೆಹ್ರಿಗ್‌ಗಿಂತ ಇನ್ನೂ ಮೂವರು ಹೆಚ್ಚು ಬೆಲೆಯುಳ್ಳವರಾಗಿದ್ದರೆಂಬುದನ್ನು ಯಾವ ತರ್ಕದಿಂದಲೂ ಸಾಧಿಸಲಾಗದು. ಮುಂದೆ 1942ರಲ್ಲಿಯೂ 1947ರಲ್ಲಿಯೂ ಬಾಸ್ಟನ್ನಿನ ಟೆಡ್ ವಿಲಿಯಮ್ಸ್ ತ್ರಿಕಿರೀಟವನ್ನು ಗಳಿಸಿಯೂ ಪ್ರಶಸ್ತಿಯನ್ನು ಕಳೆದುಕೊಂಡನು. ಎರಡನೆಯ ಸಲ ಒಂದೇ ಒಂದು ಅಂಕದಿಂದ. ಪತ್ರಕರ್ತರ ತಕ್ಕಡಿ ಅಂಥದು.

ಆ ತಕ್ಕಡಿಗೆ ಏರಲೇ ಆಗದವರೂ ಇದ್ದರು. 1947ರಲ್ಲಿ ಜಾಕಿ ರಾಬಿನ್‌ಸನ್ ಬರುವ ತನಕ ಕರಿಯ ಜನಾಂಗದವರಿಗೆ ಈ ಲೀಗುಗಳ ಬಾಗಿಲು ಮುಚ್ಚಿದ್ದಿತು. ಜಾಷ್ ಗಿಬ್‌ಸನ್‌ನಂಥ ಹೊಡೆತಗಾರನು ಬೇರೆಯ ಲೀಗಿನಲ್ಲಿ ಆಡಿ ತೀರಿಕೊಂಡನು. ಆ ಲೀಗುಗಳನ್ನು ಸಮಾನವೆಂದು ಒಪ್ಪಿಕೊಂಡದ್ದು 2020ರಲ್ಲಿ, ಅವುಗಳ ಅಂಕಿಗಳನ್ನು ದಾಖಲೆಗೆ ಸೇರಿಸಿದ್ದು 2024ರಲ್ಲಿ. ಗೆಹ್ರಿಗ್‌ನ ಪರವಾಗಿ ವಾದಿಸುವಾಗ ಇದನ್ನು ಮರೆಯುವಂತಿಲ್ಲ.

ಅದೇ 1934ರ ಜುಲೈ ತಿಂಗಳಿನ ಒಂದು ಪ್ರಸಂಗವು ಗೆಹ್ರಿಗ್‌ನ ಎದುರಾಳಿಗಳಿಗೆ ಬಲು ಪ್ರಿಯ. ಡೆಟ್ರಾಯಿಟ್ಟಿನಲ್ಲಿ 13ನೆಯ ತಾರೀಖು ಅವನಿಗೆ ಸೊಂಟ ಹಿಡಿದುಕೊಂಡು ನೆಟ್ಟಗೆ ನಿಲ್ಲಲಾಗದೆ ಹೊರಗೆ ನಡೆದನು. (ಅಂದೇ ರೂತ್ ತನ್ನ 700ನೆಯ ಹೋಮ್ ರನ್ ಹೊಡೆದುದರಿಂದ ಇವನ ನೋವು ಯಾರ ಕಣ್ಣಿಗೂ ಬೀಳಲಿಲ್ಲ.) ಮರುದಿನ ಅವನನ್ನು ಎಲ್ಲರಿಗಿಂತ ಮೊದಲು ಬ್ಯಾಟು ಹಿಡಿಯುವಂತೆ ಪಟ್ಟಿಯಲ್ಲಿ ಬರೆದರು. ಒಂದು ಹೊಡೆತ ಹೊಡೆದು, ಕುಂಟುತ್ತ ಮೊದಲನೆಯ ಬೇಸ್ ಮುಟ್ಟಿ, ಅವನು ಮರಳಿ ಹೋದನು. ಸರಪಳಿ ಮುರಿಯಲಿಲ್ಲ. ಇದು ತಂಡಕ್ಕಾಗಿ ಆಡಿದ ಆಟವಲ್ಲ, ಲೆಕ್ಕಕ್ಕಾಗಿ ಆಡಿದ ಆಟ ಎಂದು ಕೆಲವರು ಹೀಗಳೆದರು. ಆ ಒಂದು ದಿನದ ಮಟ್ಟಿಗೆ ಅವರ ಮಾತು ಸರಿಯೇ. ಆದರೆ ಮರುದಿನ ಮತ್ತೆ ಇಡೀ ಆಟ ಆಡಬೇಕೆಂಬ ಹಟವೂ ಆ ಕುಂಟು ಓಟದಲ್ಲಿ ಇದ್ದಿತು.

1936ರಲ್ಲಿ ಎರಡನೆಯ ಪ್ರಶಸ್ತಿ ಬಂದಿತು. ಅದಕ್ಕೆ ಯಾವ ಮಚ್ಚೆಯೂ ಇರಲಿಲ್ಲ. ರೂತ್ ಹೊರಟುಹೋಗಿದ್ದನು, ಗೆಹ್ರಿಗ್ ತಂಡದ ನಾಯಕನಾಗಿದ್ದನು, 1933ರಲ್ಲಿ ಮದುವೆಯಾದ ಎಲಿನಾರ್ ಅವನ ಮನೆಯನ್ನು ಬೆಳಗಿದ್ದಳು.

1938ರಲ್ಲಿ ಅವನ ಹೊಡೆತಕ್ಕೆ ಮೊದಲಿನ ಕಸುವಿರಲಿಲ್ಲ. 1939ರ ವಸಂತದಲ್ಲಿ ಕಾಲು ತೊಡರಿಕೊಳ್ಳತೊಡಗಿತು. ಕೈಯಿಂದ ವಸ್ತುಗಳು ಜಾರತೊಡಗಿದವು. ಎಂಟು ಪಂದ್ಯಗಳಲ್ಲಿ 28 ಸಲ ಬ್ಯಾಟು ಬೀಸಿ ಗಳಿಸಿದ್ದು ನಾಲ್ಕೇ ಹೊಡೆತ. ಏಪ್ರಿಲ್ 30ರಂದು ಎಳೆಯ ಹುಡುಗನೂ ಮಾಡಬಹುದಾದ ಒಂದು ಸಾಮಾನ್ಯ ಕೆಲಸವನ್ನು ಮಾಡಿದುದಕ್ಕೆ ಸಂಗಡಿಗರು ಬೆನ್ನು ತಟ್ಟಿದರು. ಆ ಹೊಗಳಿಕೆಯೇ ಅವನನ್ನು ಚುಚ್ಚಿತು. ಮೇ 2ರಂದು ಡೆಟ್ರಾಯಿಟ್ಟಿನಲ್ಲಿ ನಿರ್ವಾಹಕ ಜೋ ಮೆಕಾರ್ಥಿಯ ಬಳಿಗೆ ಹೋಗಿ, ತನ್ನನ್ನು ಆಡಿಸಬೇಡಿರೆಂದು ತಾನೇ ಕೇಳಿಕೊಂಡನು. ತೆಗೆದುಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಅವನು ಹೇಳದಿದ್ದರೆ ಸರಪಳಿ ಇನ್ನೂ ಬೆಳೆಯುತ್ತಿತ್ತು. ಹದಿನಾಲ್ಕು ವರ್ಷ ಲೋಕವೆಲ್ಲ ಅವನ ಬೆಲೆಯನ್ನು ಕುರಿತು ವಾದಿಸಿತು; ಅದು ಮುಗಿಯಿತೆಂಬ ತೀರ್ಪನ್ನು ಕೊಟ್ಟವನು ಅವನೊಬ್ಬನೇ. ನಾಯಕನಾದ್ದರಿಂದ ತನ್ನ ಹೆಸರಿಲ್ಲದ ಪಟ್ಟಿಯನ್ನು ತಾನೇ ಅಂಪೈರುಗಳಿಗೆ ಒಯ್ದು ಕೊಟ್ಟು, ಬಂದು ಬೆಂಚಿನ ಮೇಲೆ ಕುಳಿತನು. ಅವನ ಜಾಗದಲ್ಲಿ ಬೇಬ್ ಡಾಲ್‌ಗ್ರೆನ್ ನಿಂತನು. ಯಾಂಕೀಸ್ ಅಂದು 22 ಓಟ ಗಳಿಸಿ ಗೆದ್ದಿತು.

ಜೂನ್ 19, ಅವನ 36ನೆಯ ಹುಟ್ಟುಹಬ್ಬದ ದಿನ, ಮಿನಸೋಟದ ಮೇಯೋ ಚಿಕಿತ್ಸಾಲಯದ ವೈದ್ಯರು ರೋಗದ ಹೆಸರನ್ನು ತಿಳಿಸಿದರು: ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲಿರೋಸಿಸ್. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುವ ರೋಗವದು. ಬುದ್ಧಿ ನಿಚ್ಚಳವಾಗಿರುವಂತೆಯೇ ಕೈಕಾಲು ಸೋಲುತ್ತವೆ, ಕೊನೆಗೆ ಉಸಿರು. ಅಮೆರಿಕದಲ್ಲಿ ಅದನ್ನು ಅಂದಿನಿಂದ ಲೂ ಗೆಹ್ರಿಗ್ ರೋಗವೆಂದೇ ಕರೆಯುತ್ತಾರೆ.

ಜುಲೈ 4ರಂದು 60,000ಕ್ಕೂ ಹೆಚ್ಚು ಜನ ಯಾಂಕೀ ಕ್ರೀಡಾಂಗಣದಲ್ಲಿ ನೆರೆದರು. ಅವನ ಅಂಗಿಯ ನಾಲ್ಕನೆಯ ಸಂಖ್ಯೆಯನ್ನು ಮುಂದೆ ಯಾರಿಗೂ ಕೊಡಕೂಡದೆಂದು ತಂಡವು ನಿರ್ಧರಿಸಿತು. ಆ ಆಟದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಅವನು ಸ್ವಲ್ಪವೇ ಮಾತನಾಡಿದನು. ತನಗಾದ ಕೇಡನ್ನು ಒಂದು ಮಾತಿನಲ್ಲಿ ಮುಗಿಸಿ, ತಂಡದವರನ್ನೂ ಮೈದಾನ ನೋಡಿಕೊಳ್ಳುವವರನ್ನೂ ತಾಯ್ತಂದೆಗಳನ್ನೂ ಹೆಂಡತಿಯನ್ನೂ ನೆನೆದು, ತಾನು ಭಾಗ್ಯವಂತನೆಂದು ಹೇಳಿದನು. ಕೆಲವು ವರ್ಷಗಳಿಂದ ಮಾತು ಬಿಟ್ಟಿದ್ದ ರೂತ್ ಬಂದು ಅವನನ್ನು ತಬ್ಬಿಕೊಂಡನು.

ಆಮೇಲೆ ನ್ಯೂಯಾರ್ಕಿನ ಮೇಯರ್ ಲಾ ಗ್ವಾರ್ಡಿಯಾ ಅವನನ್ನು ಪೆರೋಲ್ ಮಂಡಳಿಗೆ ನೇಮಿಸಿದನು. ಗೆಹ್ರಿಗ್ 1940ರ ಜನವರಿಯಿಂದ ಕೈದಿಗಳ ಕಡತಗಳನ್ನು ಓದುತ್ತ, ಸೆರೆಮನೆಗಳಿಗೆ ಸದ್ದಿಲ್ಲದೆ ಹೋಗಿ ಬರುತ್ತ, ಸಹಿ ಹಾಕಲೂ ಕೈ ಏಳದಂತಾಗುವ ತನಕ ಆ ಕೆಲಸ ಮಾಡಿದನು. 1941ರ ಜೂನ್ 2ರಂದು ತೀರಿಕೊಂಡನು. ವಾಲಿ ಪಿಪ್‌ನ ಜಾಗದಲ್ಲಿ ಹೋಗಿ ನಿಂತದ್ದೂ ಜೂನ್ 2ರಂದೇ, ಹದಿನಾರು ವರ್ಷಗಳ ಹಿಂದೆ. 2,130ರ ದಾಖಲೆಯನ್ನು 1995ರಲ್ಲಿ ಬಾಲ್ಟಿಮೋರಿನ ಕ್ಯಾಲ್ ರಿಪ್ಕನ್ ಮೀರಿಸಿದನು.

ಜುಲೈ 4ರ ಆ ಸಭೆಯಲ್ಲಿ ಸಂಗಡಿಗರು ತಾವೇ ಹಣ ಹಾಕಿ ಮಾಡಿಸಿದ ಒಂದು ಬೆಳ್ಳಿಯ ಪಾರಿತೋಷಕವನ್ನು ಕೊಟ್ಟಿದ್ದರು. ಒಂದು ಮಗ್ಗುಲಲ್ಲಿ ಅವರ ಕೋರಿಕೆಯ ಮೇರೆಗೆ ಪತ್ರಕರ್ತ ಜಾನ್ ಕೀರನ್ ಬರೆದುಕೊಟ್ಟ ಪದ್ಯ, ಉಳಿದ ಕಡೆ ಆಟಗಾರರೆಲ್ಲರ ಸಹಿ. ಅವನು ಬಲು ಪ್ರೀತಿಯಿಂದ ಕಾಪಾಡಿಕೊಂಡ ವಸ್ತುಗಳಲ್ಲಿ ಅದೂ ಒಂದು. ಈಗ ಅದು ಕೂಪರ್ಸ್‌ಟೌನಿನ ಬೇಸ್‌ಬಾಲ್ ವಸ್ತುಸಂಗ್ರಹಾಲಯದಲ್ಲಿದೆ.