ಏಳು ತಂತಿಯ ಚೌಡಯ್ಯನವರು

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಕಿವಿಯ ಮಾತನ್ನು ಏಕೆ ಬಿಟ್ಟರೋ ತಿಳಿಯದು. ಒಬ್ಬನಿಗೆ ಅಮೃತವಾದ ನಾದ ಪಕ್ಕದಲ್ಲಿ ಕುಳಿತವನಿಗೆ ಕರ್ಕಶವಾಗುತ್ತದೆ. ಇಬ್ಬರೂ ತಮ್ಮ ಕಿವಿಯೇ ಪ್ರಮಾಣವೆಂದು ಸಾಧಿಸುತ್ತಾರೆ. ಇಂಥ ವಾದದಲ್ಲಿ ಗೆದ್ದವರನ್ನು ನಾನು ಕಂಡಿಲ್ಲ. ಸೋತವನೊಬ್ಬನನ್ನು ಮಾತ್ರ ಬಲ್ಲೆ. ಅವನು ನಾನೇ.

ನಾನು ಮಧುಗಿರಿಯಲ್ಲಿ ಕನ್ನಡ ಪಾಠ ಹೇಳುವವನು. ಶಿರಾ, ಕೊರಟಗೆರೆ, ಪಾವಗಡಗಳ ಕಡೆಯಿಂದ ಬಸ್ಸು ಹತ್ತಿ ಬರುವ ಹುಡುಗರು ನಮ್ಮ ವಿದ್ಯಾರ್ಥಿಗಳು. ಹೋದ ವರ್ಷದ ಮಳೆಗಾಲದ ಒಂದು ಸಂಜೆ, ಏಕಶಿಲೆಯ ಬೆಟ್ಟ ಮಳೆಯಲ್ಲಿ ಪೂರ್ತಿಯಾಗಿ ಮರೆಯಾಗಿದ್ದ ಹೊತ್ತಿನಲ್ಲಿ, ಬಸ್ಸಿಗೆ ಹೋಗಲಾರದೆ ಜಗುಲಿಯಲ್ಲಿ ನಿಂತಿದ್ದ ಇಬ್ಬರು ಇಂಗ್ಲೆಂಡಿನ ಹಳೆಯ ರಾಕ್ ತಂಡಗಳ ವಿಷಯವಾಗಿ ವಾದಕ್ಕಿಳಿದಿದ್ದರು. ಶಿರಾದ ಹುಡುಗನಿಗೆ ಬೀಟಲ್ಸ್ ತಂಡವೇ ಸರ್ವಸ್ವ. ಪಾವಗಡದ ಹುಡುಗನಿಗೆ ಲೆಡ್ ಜೆಪ್ಲಿನ್ ತಂಡದ ಮುಂದೆ ಮತ್ತೊಂದಿಲ್ಲ. ಒಬ್ಬನಿಗೆ ಇನ್ನೊಬ್ಬನದು ಬರಿಯ ಅಬ್ಬರ; ಅವನಿಗೆ ಇವನದು ಬರಿಯ ಮಕ್ಕಳಾಟ. ಬೀಟಲ್ಸ್ ಒಡೆದುಹೋದದ್ದು ೧೯೭೦ರಲ್ಲಿ, ಲೆಡ್ ಜೆಪ್ಲಿನ್ ೧೯೮೦ರಲ್ಲಿ. ಈ ಹುಡುಗರು ಹುಟ್ಟಿದ್ದು ಈ ಶತಮಾನದಲ್ಲಿ. ತಾವು ಹುಟ್ಟುವ ಮೊದಲೇ ಮೌನವಾದ ತಂಡಗಳಿಗಾಗಿ ಸ್ನೇಹವನ್ನೇ ಕಳೆದುಕೊಳ್ಳುವಂತೆ ಅವರು ಕಾದಾಡುತ್ತಿದ್ದರು. ನನ್ನನ್ನು ಕಂಡು ನ್ಯಾಯ ಹೇಳಬೇಕೆಂದು ಕೇಳಿದರು. ಎರಡೂ ಗದ್ದಲವೇ ಎಂದು ನಾನು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟೆ. ಪಾವಗಡದ ಹುಡುಗ ವಿನಯವಾಗಿಯೇ ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನನ್ನು ನನ್ನ ಕೈಗಿತ್ತು, ಒಮ್ಮೆ ಕೇಳಿ ಆಮೇಲೆ ಬೈಯಬಹುದೆಂದನು.

ಕೇಳಿದೆ. ಒಂದು ತಂತಿವಾದ್ಯ ತುಂಬುದನಿಯಲ್ಲಿ ನುಡಿಯುತ್ತಿತ್ತು. ಒಬ್ಬನು ನುಡಿಸುತ್ತಿದ್ದರೂ ಇಬ್ಬರು ನುಡಿಸುತ್ತಿರುವಂತೆ, ಒಂದು ಸ್ವರದೊಳಗಿನಿಂದ ಅದರ ಮೇಲಿನ ಸ್ಥಾಯಿ ಹೊರಟು ಬರುತ್ತಿರುವಂತೆ ಕೇಳಿಸಿತು. ಅದು ಹನ್ನೆರಡು ತಂತಿಯ ಗಿಟಾರು ಎಂದು ಹುಡುಗ ವಿವರಿಸಿದನು. ಆರು ತಂತಿಗಳ ಪಕ್ಕದಲ್ಲಿ ಒಂದೊಂದು ಜೊತೆ ತಂತಿ. ಅವುಗಳಲ್ಲಿ ಕೆಳಗಿನ ನಾಲ್ಕಕ್ಕೆ ಜೊತೆಯಾದವು ಒಂದು ಸ್ಥಾಯಿ ಮೇಲೆ ಶ್ರುತಿಗೊಂಡವು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ೧೯೬೪ರಲ್ಲಿ ಅಂಥ ಗಿಟಾರನ್ನು ನುಡಿಸಿದ್ದನೆಂದು ಶಿರಾದವನು ಸೇರಿಸಿದನು. ಲೆಡ್ ಜೆಪ್ಲಿನ್‌ನ ಜಿಮ್ಮಿ ಪೇಜ್ ಎರಡು ಕೊರಳಿನ ಗಿಟಾರಿನಲ್ಲಿ ಒಂದು ಕೊರಳಿಗೆ ಹನ್ನೆರಡು ತಂತಿ ಕಟ್ಟಿಸಿದ್ದನೆಂದು ಪಾವಗಡದವನು ಮರುನುಡಿದನು. ನನ್ನ ಗಮನ ಆಗಲೇ ಬೇರೆಲ್ಲಿಗೋ ಹೋಗಿತ್ತು. ಈ ದನಿಯನ್ನು ನಾನು ಹಿಂದೆ ಕೇಳಿದ್ದೆ, ಕೇಳಿ ತಿರಸ್ಕರಿಸಿದ್ದೆ.

ನಮ್ಮ ತಾತ ಕೊರಟಗೆರೆ ಕಡೆಯ ಒಂದು ಹಳ್ಳಿಯವರು. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಅವರ ಮುಪ್ಪಿನಲ್ಲಿ ಕಿವಿ ಮಂದವಾಗಿತ್ತು. ನಾನು ಪಿ.ಯು.ಸಿ. ಓದುತ್ತಿದ್ದಾಗ ಒಂದು ಬೆಳಿಗ್ಗೆ ರೇಡಿಯೋದಲ್ಲಿ ಚೌಡಯ್ಯನವರ ಪಿಟೀಲಿನ ಹಳೆಯ ಮುದ್ರಿಕೆಯೊಂದು ಬರುತ್ತಿತ್ತು. ತಾತ ದನಿಯನ್ನು ಏರಿಸುತ್ತ ಹೋದರು. ಪರೀಕ್ಷೆಯ ಓದಿನಲ್ಲಿದ್ದ ನಾನು ಎದ್ದು ಹೋಗಿ, ಈ ಕಿರುಚಾಟ ಸಾಕೆಂದು ಹೇಳಿ, ರೇಡಿಯೋವನ್ನು ನಿಲ್ಲಿಸಿದೆ. ಅವರು ಏನೂ ಹೇಳಲಿಲ್ಲ. ಆ ಮೇಲೆ ನನ್ನೆದುರು ಎಂದೂ ಸಂಗೀತವನ್ನು ಹಾಕಲಿಲ್ಲ. ಎರಡು ವರ್ಷಗಳಲ್ಲಿ ತೀರಿಕೊಂಡರು. ಮಳೆ ನಿಂತು ಹುಡುಗರು ಬಸ್ಸಿಗೆ ಓಡಿದ ಮೇಲೆ, ನಾನು ಕಿರುಚಾಟವೆಂದ ಆ ಮನುಷ್ಯನ ಜೀವನವನ್ನು ಈಗಲಾದರೂ ತಿಳಿಯಬೇಕೆಂದು ಮನಸ್ಸು ಮಾಡಿದೆ. ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲಿನಲ್ಲಿ ೧೮೯೫ರ ಜನವರಿ ೧ರಂದು ಚೌಡಯ್ಯನವರು ಜನಿಸಿದರು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು. ಹದಿನೈದರ ವಯಸ್ಸಿನಲ್ಲಿ, ೧೯೧೦ರಲ್ಲಿ, ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಆಸ್ಥಾನದ ಗಾಯಕರು. ಕಚೇರಿಗಳಲ್ಲಿ ಗಳಿಸಿದ ಹಣವನ್ನು ಸುರಿದು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಲು ತೊಡಗಿದವರು. ಅಂಥ ಗುರುವಿನ ಕೈಕೆಳಗೆ ಚೌಡಯ್ಯನವರು ೧೯೧೮ರವರೆಗೆ ಎಂಟು ವರ್ಷ ಅಭ್ಯಾಸ ಮಾಡಿದರು. ಗುರು ಹಾಡುಗಾರರು, ಶಿಷ್ಯರು ಪಿಟೀಲಿನವರು. ಹಾಡುಗಾರಿಕೆಯ ಉಸಿರು ಅವರ ಕಮಾನಿನಲ್ಲಿ ನೆಲೆಸಿದ್ದಕ್ಕೆ ಈ ಶಿಕ್ಷಣವೇ ಕಾರಣವೆಂದು ತೋರುತ್ತದೆ. ಗುರು ೧೯೩೧ರಲ್ಲಿ ತೀರಿಕೊಂಡ ಮೇಲೂ ಆ ಮಂದಿರದ ಭಾರವನ್ನು ಶಿಷ್ಯರು ತಮ್ಮದೆಂದೇ ಹೊತ್ತರು.

ಆ ಕಾಲದ ಕಚೇರಿಯನ್ನು ಇಂದಿನ ನಾವು ಕಲ್ಪಿಸಿಕೊಳ್ಳುವುದು ಕಷ್ಟ. ಧ್ವನಿವರ್ಧಕವಿಲ್ಲ. ಮದುವೆಯ ಚಪ್ಪರ, ದೇವಾಲಯದ ಅಂಗಳ, ಉತ್ಸವದ ಬೀದಿ ಇವೇ ಸಂಗೀತದ ಸಭೆಗಳು. ಚೆಂಬೈ ವೈದ್ಯನಾಥ ಭಾಗವತರಂಥವರ ಕಂಚಿನ ಕಂಠ ಚಪ್ಪರವನ್ನು ದಾಟಿ ಹೋಗಬಲ್ಲದು. ಮೃದಂಗದ ಪೆಟ್ಟು ಬೀದಿಯ ತುದಿಗೆ ಕೇಳಿಸುತ್ತದೆ. ಇವೆರಡರ ನಡುವೆ ನಾಲ್ಕು ತಂತಿಯ ಪಿಟೀಲಿನ ದನಿ ಮುಂದಿನ ಕೆಲವು ಸಾಲುಗಳಲ್ಲಿಯೇ ಕರಗಿಹೋಗುತ್ತಿತ್ತು. ಹಿಂದೆ ಕುಳಿತವನಿಗೆ ಕಮಾನು ಆಡುವುದು ಕಾಣುತ್ತಿತ್ತೇ ಹೊರತು ನುಡಿಸಿಕೆ ಕೇಳುತ್ತಿರಲಿಲ್ಲ.

೧೯೨೭ರ ಸುಮಾರಿಗೆ ಚೌಡಯ್ಯನವರು ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿಯನ್ನು ಸ್ಥಾಯಿಯ ಅಂತರದಲ್ಲಿ ಕಟ್ಟಿ, ಪಿಟೀಲನ್ನು ಏಳು ತಂತಿಯದಾಗಿ ಮಾಡಿದರು. ಒಂದೇ ಬೆರಳು ಎರಡು ತಂತಿಗಳನ್ನು ಒತ್ತಬೇಕು. ಒಂದೇ ಕಮಾನು ಎರಡನ್ನೂ ಸಮವಾಗಿ ಉಜ್ಜಬೇಕು. ಬೆರಳು ಕೂದಲೆಳೆಯಷ್ಟು ತಪ್ಪಿದರೆ ಅಪಶ್ರುತಿಯೂ ಇಮ್ಮಡಿಯಾಗುತ್ತದೆ. ಹೀಗೆ ನುಡಿಸಲು ಎಷ್ಟು ಸಾಧನೆ ಬೇಕೆಂಬುದನ್ನು ಪಿಟೀಲು ಹಿಡಿದವರು ಬಲ್ಲರು. ದನಿ ದಪ್ಪವಾಯಿತು, ದೂರ ಹೋಯಿತು. ಮುಂದೆ ಅವರು ಹತ್ತೊಂಬತ್ತು ತಂತಿಯ ಪಿಟೀಲನ್ನೂ ರೂಪಿಸಿದರು. ಆದರೆ ಜನರ ನಾಲಗೆಯಲ್ಲಿ ಉಳಿದದ್ದು ಏಳು ತಂತಿಯ ಹೆಸರೇ.

ರಸಿಕರು ಎರಡು ಪಕ್ಷವಾದರು. ಪಿಟೀಲಿನ ಜೀವವಿರುವುದು ಅದರ ಸೂಕ್ಷ್ಮತೆಯಲ್ಲಿ, ಜೊತೆ ತಂತಿ ಹಾಕಿದರೆ ಗಮಕದ ನಯ ಹಾಳಾಗುತ್ತದೆ, ಪಕ್ಕವಾದ್ಯವಾದದ್ದು ಗಾಯಕನ ಮೇಲೆ ಏರಿಬರುತ್ತದೆ ಎಂದು ಒಂದು ಪಕ್ಷ. ಕೇಳಿಸದ ಸೂಕ್ಷ್ಮತೆಯಿಂದ ಯಾರಿಗೆ ಲಾಭ, ಈ ಗಾಂಭೀರ್ಯ ಬೇರೆ ಯಾವ ಪಿಟೀಲಿಗಿದೆ ಎಂದು ಇನ್ನೊಂದು ಪಕ್ಷ. ಸಂಪ್ರದಾಯ ಕೆಟ್ಟಿತೆಂದವರಿಗೆ ಒಂದು ಮಾತು ನೆನಪಿರಬೇಕಿತ್ತು. ಪಿಟೀಲೇ ಹೊರಗಿನಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಯೂರೋಪಿಯನ್ನರಿಂದ ಕಲಿತು ನಮ್ಮ ಸಂಗೀತಕ್ಕೆ ಅಳವಡಿಸಿದ್ದರು.

ಈ ಬಗೆಯ ಜಗಳ ನಮ್ಮಲ್ಲಿ ಮಾತ್ರ ನಡೆದುದಲ್ಲ. ೧೯೬೫ರ ಜುಲೈನಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ಸಾದಾ ಗಿಟಾರನ್ನು ಬಿಟ್ಟು ವಿದ್ಯುತ್ ಗಿಟಾರನ್ನು ಹಿಡಿದು ವೇದಿಕೆಗೆ ಬಂದಾಗ ಸಭಿಕರಲ್ಲಿ ಒಂದು ಭಾಗ ಕೂಗಿ ಧಿಕ್ಕರಿಸಿತು. ಆ ಕೂಗು ಗಿಟಾರಿಗೋ, ಅಂದು ಕೆಟ್ಟಿದ್ದ ಧ್ವನಿವರ್ಧಕಕ್ಕೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ದನಿ ದೊಡ್ಡದಾದಾಗಲೆಲ್ಲ ಹತ್ತಿರದವರಿಗೆ ಏನೋ ಕಳೆದುಹೋದಂತಾಗುತ್ತದೆ. ದೂರದವರಿಗೆ ಏನೋ ಸಿಕ್ಕಂತಾಗುತ್ತದೆ. ಎರಡೂ ಸುಳ್ಳಲ್ಲ.

ಚೌಡಯ್ಯನವರು ವಾದಕ್ಕೆ ನುಡಿಸಿಕೆಯಿಂದಲೇ ಉತ್ತರ ಕೊಟ್ಟರು. ಅರಿಯಕ್ಕುಡಿ, ಮುಸಿರಿ, ಚೆಂಬೈ, ಜಿ.ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ಅಂದಿನ ಮೇರು ಗಾಯಕರೆಲ್ಲರಿಗೂ ಅವರು ಪಕ್ಕವಾದ್ಯ ನುಡಿಸಿದರು. ಗಾಯಕನ ಮೇಲೆ ಏರಿಬರುವ ವಾದ್ಯವಾಗಿದ್ದರೆ ಇಷ್ಟು ಜನ ಗಾಯಕರು ಅದನ್ನು ಪಕ್ಕಕ್ಕೆ ಬಯಸುತ್ತಿರಲಿಲ್ಲ. ೧೯೩೯ರಲ್ಲಿ ಮೈಸೂರು ಅರಮನೆಯಿಂದ ಸಂಗೀತರತ್ನ ಬಿರುದು ಬಂದಿತು. ೧೯೪೩ರಲ್ಲಿ ಅವರು ವಾಣಿ ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿದರು. ಅದರಲ್ಲಿ ಚೆಂಬೈಯವರ ಗಾಯನವನ್ನು ಸೇರಿಸಿದರು. ಸಭೆಯೊಳಗೆ ಬರಲಾರದವನಿಗೂ ಸಂಗೀತ ಮುಟ್ಟಬೇಕೆಂಬ ಅದೇ ಹಂಬಲ ಇಲ್ಲಿಯೂ ಕೆಲಸ ಮಾಡಿತೆಂದು ನಾನು ಊಹಿಸುತ್ತೇನೆ. ಅವರು ಕೃತಿಗಳನ್ನೂ ರಚಿಸಿದರು. ಹುಟ್ಟಿದ ಊರನ್ನು ಮರೆಯದೆ ತ್ರಿಮಕುಟವೆಂಬ ಅಂಕಿತವನ್ನಿಟ್ಟುಕೊಂಡರು. ೧೯೫೭ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಪದವಿಯನ್ನಿತ್ತಿತು. ೧೯೬೭ರ ಜನವರಿ ೧೯ರಂದು ಅವರು ಕಾಲವಾದರು.

ಅಷ್ಟರಲ್ಲಿ ಧ್ವನಿವರ್ಧಕ ಹಳ್ಳಿಹಳ್ಳಿಗೂ ಬಂದಿತ್ತು. ಏಳು ತಂತಿ ಯಾವ ಕೊರತೆಗಾಗಿ ಹುಟ್ಟಿತೋ ಆ ಕೊರತೆಯೇ ಇಲ್ಲವಾಯಿತು. ಇಂದಿನ ಪಿಟೀಲುಗಾರರಲ್ಲಿ ಹೆಚ್ಚಿನವರದು ನಾಲ್ಕೇ ತಂತಿ. ಹಾಗೆ ನೋಡಿದರೆ ವಿರೋಧಪಕ್ಷವೇ ಗೆದ್ದಿತೆನ್ನಬೇಕು. ಆದರೆ ಬೆಂಗಳೂರಿನಲ್ಲಿ ೧೯೮೦ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿಯೇ ನಿಂತಿದೆ, ಏಳು ತಂತಿಗಳೊಡನೆ. ಅದರೊಳಗೆ ಎಲ್ಲ ಬಗೆಯ ಸಂಗೀತವೂ ನಡೆಯುತ್ತದೆ, ಕಟ್ಟಕಡೆಯ ಆಸನಕ್ಕೂ ಕೇಳಿಸುತ್ತದೆ.

ಇಷ್ಟನ್ನು ಓದಿಕೊಂಡು ಊರಿಗೆ ಹೋದಾಗ, ತಾತನಿಗೆ ಚೌಡಯ್ಯನವರ ಹುಚ್ಚು ಹೇಗೆ ಹತ್ತಿತೆಂದು ಅಜ್ಜಿಯನ್ನು ಕೇಳಿದೆ. ತೊಂಬತ್ತು ದಾಟಿದ ಆಕೆ ತಡೆಯಿಲ್ಲದೆ ಹೇಳಿದರು. ಮದುವೆಗೆ ಮುಂಚೆ, ಉಪಾಧ್ಯಾಯರ ತರಬೇತಿಗಾಗಿ ತಾತ ಮೈಸೂರಿನಲ್ಲಿದ್ದರು. ಕೈಯಲ್ಲಿ ಕಾಸಿರಲಿಲ್ಲ, ಮೈಮೇಲಿನ ಅಂಗಿಯೂ ಹರಿದಿತ್ತು. ರಾಮೋತ್ಸವದ ಕಚೇರಿಯ ಒಳಗೆ ಹೋಗಿ ಕೂರಲು ನಾಚಿಕೆಯಾಗಿ ಬೀದಿಯ ಆಚೆಯ ಜಗುಲಿಯ ಮೇಲೆ ನಿಂತರು. ಗಾಯಕರ ಸಾಹಿತ್ಯ ಅವರಿಗೆ ಸರಿಯಾಗಿ ಕೇಳಿಸಲಿಲ್ಲ. ಚೌಡಯ್ಯನವರ ಪಿಟೀಲು ಮಾತ್ರ ಅಲ್ಲಿಯವರೆಗೂ ಬಂದಿತು. ಆ ರಾತ್ರಿ ಒಳಗೆ ಕುಳಿತವರಲ್ಲಿ ಎಷ್ಟೋ ಜನ ಅದನ್ನು ಅಬ್ಬರವೆಂದು ಮುಖ ಸಿಂಡರಿಸಿರಬಹುದು. ಬೀದಿಯಲ್ಲಿ ನಿಂತಿದ್ದ ಆ ಬಡ ಹುಡುಗನ ಪಾಲಿಗೆ ಮಾತ್ರ ಅದೊಂದೇ ಸಂಗೀತವಾಗಿತ್ತು. ಮುಪ್ಪಿನಲ್ಲಿ ಕಿವಿ ಮಂದವಾದಾಗ ಅವರು ಮತ್ತೆ ಅದೇ ಬೀದಿಗೆ ಹೋಗಿ ನಿಂತಂತಾಗಿತ್ತು. ಆಗಲೂ ಅವರನ್ನು ತಲಪುತ್ತಿದ್ದುದು ಅದೇ ಪಿಟೀಲು. ಅದನ್ನೇ ನಾನು ನಿಲ್ಲಿಸಿದ್ದೆ.

ಇದರಿಂದ ನನ್ನ ಅಭಿರುಚಿ ಬದಲಾಯಿತೆಂದು ಹೇಳಿದರೆ ಸುಳ್ಳಾದೀತು. ಏಳು ತಂತಿಯ ನಾದ ನನ್ನ ಕಿವಿಗೆ ಈಗಲೂ ತುಸು ಭಾರವೇ. ಪಾವಗಡದ ಹುಡುಗನ ತಂಡವಂತೂ ನನಗೆ ಒಗ್ಗಿಲ್ಲ. ಇಷ್ಟವಾಗದಿರುವುದು ತಪ್ಪಲ್ಲ. ಇನ್ನೊಬ್ಬನು ಎಲ್ಲಿ ನಿಂತು ಕೇಳುತ್ತಿದ್ದಾನೆಂಬುದನ್ನು ವಿಚಾರಿಸದೆ ತೀರ್ಪು ಕೊಡುವುದು ತಪ್ಪು. ಹುಡುಗರು ಈಚೆಗೆ ಮತ್ತೆ ನ್ಯಾಯಕ್ಕೆ ಕರೆದರು. ನಾನು ತೀರ್ಪು ಕೊಡಲಿಲ್ಲ. ಚೌಡಯ್ಯನವರ ಒಂದು ಮುದ್ರಿಕೆಯನ್ನು ಇಬ್ಬರಿಗೂ ಕೇಳಿಸಿದೆ. ಶಿರಾದವನಿಗೆ ಹಿಡಿಸಲಿಲ್ಲ. ಪಾವಗಡದವನು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದನು.