ವರ್ಣಶಿಲ್ಪಿ ವೆಂಕಟಪ್ಪನವರು

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, 1865ರಲ್ಲಿ ಸ್ಥಾಪಿತವಾದ ಸರಕಾರೀ ವಸ್ತುಸಂಗ್ರಹಾಲಯದ ಮಗ್ಗುಲಲ್ಲೇ ವೆಂಕಟಪ್ಪ ಚಿತ್ರಶಾಲೆಯಿದೆ. ಕಚೇರಿಯ ಕಾರ್ಯನಿಮಿತ್ತವಾಗಿ ರಾಯಚೂರು, ಮಾನ್ವಿ, ದೇವದುರ್ಗಗಳಿಂದ ರಾಜಧಾನಿಗೆ ಹೋಗಿಬರುವ ನಮ್ಮವರು ಆ ದಾರಿಯನ್ನು ಹಲವು ಸಲ ಹಾದಿರಬಹುದು. ಅರಸರ ಮತ್ತು ದಿವಾನರ ಹೆಸರುಗಳನ್ನು ಹೊತ್ತ ಕಟ್ಟಡಗಳಿಂದ ತುಂಬಿದ ಆ ನಗರದಲ್ಲಿ ಒಬ್ಬ ಚಿತ್ರಗಾರನ ಹೆಸರು ಸರಕಾರೀ ಮಂದಿರದ ಮೇಲೆ ಕೆತ್ತಲ್ಪಟ್ಟುದು ಹೇಗೆಂಬುದನ್ನು ತಿಳಿಯುವುದು ಪ್ರತಿಯೊಬ್ಬ ಕನ್ನಡಿಗನಿಗೂ ಶ್ರೇಯಸ್ಕರವಾಗಿದೆ.

ಕೆ. ವೆಂಕಟಪ್ಪನವರು ಜನಿಸಿದುದು 1886ರಲ್ಲಿ, ಮೈಸೂರಿನಲ್ಲಿ. ತಲೆತಲಾಂತರದಿಂದ ಅರಮನೆಯನ್ನು ಆಶ್ರಯಿಸಿ ಬಾಳಿದ ಚಿತ್ರಗಾರರ ಮನೆತನ ಅವರದು. ಕುಂಚ ಹಿಡಿಯುವುದು ಅಲ್ಲಿ ಕುಲವೃತ್ತಿಯಾಗಿತ್ತೇ ಹೊರತು ಕೀರ್ತಿಯ ಮಾರ್ಗವಾಗಿರಲಿಲ್ಲ. ಅಂಥ ಮನೆಯ ಹುಡುಗನಲ್ಲಿದ್ದ ಪ್ರತಿಭೆಯನ್ನು ಮನ್ನಿಸಿ ನಾಲ್ವಡಿ ಕೃಷ್ಣರಾಜ ಒಡೆಯರು ವೇತನವನ್ನಿತ್ತು 1909ರಲ್ಲಿ ಕಲ್ಕತ್ತೆಯ ಸರಕಾರೀ ಕಲಾಶಾಲೆಗೆ ಕಳುಹಿಸಿದರು.

ಆ ಕಾಲದ ಕಲ್ಕತ್ತೆಯೆಂದರೆ ಸ್ವದೇಶೀ ಚಳವಳಿಯ ಅಗ್ನಿಕುಂಡವೇ ಸರಿ. 1905ರ ವಂಗಭಂಗದಿಂದ ಕೆರಳಿದ ಜನಾಂಗವು ವಿದೇಶೀ ಬಟ್ಟೆಯನ್ನು ತ್ಯಜಿಸಿದಂತೆ, ಅವನೀಂದ್ರನಾಥ ಠಾಕೂರರು ಯುರೋಪಿನ ತೈಲಚಿತ್ರದ ಅನುಕರಣವನ್ನು ತ್ಯಜಿಸಿ ಅಜಂತೆಯ, ಮೊಗಲರ ಮತ್ತು ರಜಪೂತರ ಚಿತ್ರಗಳ ಕಡೆಗೆ ಶಿಷ್ಯರ ದೃಷ್ಟಿಯನ್ನು ತಿರುಗಿಸುತ್ತಿದ್ದರು. ನಂದಲಾಲ ಬಸು ಮೊದಲಾದವರೊಡನೆ ವೆಂಕಟಪ್ಪನವರೂ ಆ ಗುರುವಿನ ಮುಂದೆ ಕುಳಿತರು. ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ತೋಯಿಸಿ, ಆರಿಸಿ, ಮರಳಿ ಬಣ್ಣ ಹಚ್ಚುವ ಆ ಪಂಥದ ಮಂಜುಮುಸುಕಿನ ರೀತಿಯನ್ನು ಅವರು ಬಲ್ಲವರಾಗಿದ್ದರೂ, ಕೂದಲೆಳೆಯಷ್ಟು ಗೆರೆಯೂ ಸ್ಪಷ್ಟವಾಗಿರಬೇಕೆಂಬ ಮನೆತನದ ಹಟವನ್ನು ಬಿಟ್ಟುಕೊಡಲಿಲ್ಲ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ ಬೌದ್ಧ ಪುರಾಣಕಥೆಗಳನ್ನು ಕುರಿತು ಬರೆದ ಗ್ರಂಥದ ರಾಮಾಯಣಚಿತ್ರಗಳಲ್ಲಿ ಹಲವು ಈ ಮೈಸೂರಿಗರ ಕೈಯವು.

ಕಲ್ಕತ್ತೆಯಿಂದ ಹಿಂದಿರುಗಿದ ಮೇಲೆ ಅವರನ್ನು ಮತ್ತೊಂದು ವಿದ್ಯೆ ಸೆಳೆಯಿತು. ವೀಣೆ ಶೇಷಣ್ಣನವರ ಶಿಷ್ಯರಾಗಿ ಅವರು ಕೈಗೊಂಡ ಸಾಧನೆಯ ತೀವ್ರತೆ ಎಷ್ಟಿತ್ತೆಂದರೆ, ಕುಂಚವು ಕೆಲಕಾಲ ಮೂಲೆಗೆ ಬಿತ್ತು. ತಮಗೆ ಹಿಡಿದ ಈ ವೀಣೆಯ ಹುಚ್ಚನ್ನೇ ಅವರು ಒಂದು ಚಿತ್ರಕ್ಕೆ ವಸ್ತುವನ್ನಾಗಿ ಮಾಡಿಕೊಂಡರು. ಆಜನ್ಮ ಬ್ರಹ್ಮಚಾರಿಯಾಗಿ, ದಿನಚರಿಯನ್ನೂ ಕಾಸುಕಾಸಿನ ಲೆಕ್ಕವನ್ನೂ ತಪ್ಪದೆ ಬರೆದಿಡುತ್ತ ನಡೆಸಿದ ಬಾಳು ಅವರದು. ಉದಕಮಂಡಲದಲ್ಲಿ 1926ರಲ್ಲಿಯೂ ಕೊಡೈಕನಾಲಿನಲ್ಲಿ 1934ರಲ್ಲಿಯೂ ಅವರು ಬರೆದ ಜಲವರ್ಣದ ನಿಸರ್ಗಚಿತ್ರಗಳು ಈ ತಪಸ್ಸಿನ ಫಲಗಳು. ಬೆಟ್ಟದ ನೆತ್ತಿಯ ಮುಗಿಲು, ಕೆರೆಯ ನೀರು, ಬೆಳುದಿಂಗಳು, ಕಾಮನಬಿಲ್ಲು: ಇವುಗಳಲ್ಲಿ ದೇವತೆಗಳಿಲ್ಲ, ರಾಜರಿಲ್ಲ, ಬೆಳಕೇ ಅಲ್ಲಿ ಕಥಾನಾಯಕ.

ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಪುರಾಣೇತಿಹಾಸಗಳ ಉಬ್ಬುಶಿಲ್ಪಗಳನ್ನು ರಚಿಸುವ ಕಾರ್ಯವನ್ನೂ ಅವರು ವಹಿಸಿಕೊಂಡಿದ್ದರು. 1940ರಲ್ಲಿ ಮಹಾರಾಜರು ಕಾಲವಾದರು. ಆಶ್ರಯದಾತನೊಡನೆ ಆಶ್ರಯವೂ ಹೋಯಿತು, ಶಿಲ್ಪಕಾರ್ಯವು ನಿಂತಿತು. ಹಿಂದಿನ ಕಾಲದ ಆಸ್ಥಾನ ಚಿತ್ರಗಾರನಾಗಿದ್ದರೆ ಕೈಮುಗಿದು ಮನೆಗೆ ನಡೆಯುತ್ತಿದ್ದನು. ವೆಂಕಟಪ್ಪನವರು ಹಾಗೆ ಮಾಡದೆ, ತಮಗಾದ ನಷ್ಟವನ್ನು ತುಂಬಿಕೊಡಬೇಕೆಂದು ನ್ಯಾಯಾಲಯದ ಮೆಟ್ಟಿಲನ್ನೇರಿದರು. ಅರಸನ ಉಪ್ಪನ್ನುಂಡವನು ಅರಮನೆಯ ಮೇಲೆಯೇ ದಾವೆ ಹೂಡುವುದು ಕೃತಘ್ನತೆಯೆಂದು ಭಾವಿಸುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಕಲಾವಿದನ ದುಡಿಮೆ ಪ್ರಭುವಿನ ಕೃಪೆಯನ್ನು ಕಾಯುವ ಸೇವೆಯಲ್ಲ, ಬೆಲೆಯೂ ಹಕ್ಕೂ ಉಳ್ಳ ಕೆಲಸ ಎಂಬ ತತ್ತ್ವವು ಆ ದಾವೆಯಲ್ಲಿ ಅಡಗಿತ್ತು. ಪ್ರಜಾಪ್ರಭುತ್ವದಲ್ಲಿ ಬಾಳುವ ನಾವು ಅದನ್ನು ಗೌರವದಿಂದ ಸ್ಮರಿಸಬೇಕು.

ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದು ಅವರು 1965ರಲ್ಲಿ ದಿವಂಗತರಾದರು. 1967ರಲ್ಲಿ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು ಅವರ ಹೆಸರಿನ ಚಿತ್ರಶಾಲೆಗೆ ಅಡಿಗಲ್ಲನ್ನಿಟ್ಟರು. ಕಟ್ಟಡವು ಮುಂದಿನ ದಶಕದ ನಡುವಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ವೆಂಕಟಪ್ಪನವರ ಕೃತಿಗಳೊಡನೆ ಕೆ.ಕೆ. ಹೆಬ್ಬಾರರ ಚಿತ್ರಗಳಿಗೂ ಅಲ್ಲಿ ಸ್ಥಾನ ದೊರೆಯಿತು. ಆದರೆ ಅದರ ನಿಜವಾದ ಮಹತ್ತ್ವವು ಗೋಡೆಗೆ ತೂಗುಹಾಕಿದ ಹಳೆಯ ಚಿತ್ರಗಳಲ್ಲಿ ಮಾತ್ರವೇ ಇಲ್ಲ. ಅಲ್ಪ ಬಾಡಿಗೆಗೆ ದೊರೆಯುವ ಪ್ರದರ್ಶನದ ಕೋಣೆಗಳಿದ್ದುದರಿಂದ, ಧನಿಕರ ಪರಿಚಯವಿಲ್ಲದ ತರುಣನೂ ತನ್ನ ಚಿತ್ರಗಳನ್ನು ಅಲ್ಲಿ ನಾಲ್ವರ ಮುಂದಿಡಬಹುದಾಯಿತು. ಹಿರಿಯರು ಕಿರಿಯರು ಒಂದೆಡೆ ಕಲೆತು ವಾದಿಸಬಹುದಾಯಿತು. ಇದನ್ನು ಖಾಸಗೀ ಸಂಸ್ಥೆಯೊಂದರ ನಿರ್ವಹಣೆಗೆ ಒಪ್ಪಿಸುವ ಯೋಜನೆಯ ವಿರುದ್ಧ 2016ರಲ್ಲಿ ಕಲಾವಿದರು ನೆರೆದು ಪ್ರತಿಭಟಿಸಿದುದು ಈ ಕಾರಣದಿಂದಲೇ. ಅರಮನೆಯ ಎದುರು ಏಕಾಂಗಿಯಾಗಿ ನಿಂತವನ ಹೆಸರಿನ ಮಂದಿರದ ಎದುರು ಅಂದು ಕಲಾವಿದರು ಒಗ್ಗಟ್ಟಾಗಿ ನಿಂತರು.

ಇದರಿಂದ ನಮ್ಮ ಎಡೆದೊರೆ ನಾಡಿಗೆ ಏನು ಸಂಬಂಧವೆಂದು ಕೇಳಬಹುದು. ವೆಂಕಟಪ್ಪನವರು ಉದಕಮಂಡಲದ ಮುಗಿಲುಗಳನ್ನು ಬರೆಯುತ್ತಿದ್ದಾಗ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಅವರ ಮುಪ್ಪಿನಲ್ಲಿ, 1956ರಲ್ಲಿ, ಈ ಎರಡು ಭಾಗಗಳೂ ಒಂದೇ ರಾಜ್ಯವಾದುವು. ಆದುದರಿಂದ ಆ ಚಿತ್ರಶಾಲೆ ಬೆಂಗಳೂರಿಗರಿಗೆಷ್ಟೋ ಮಾನ್ವಿಯವರಿಗೂ ಅಷ್ಟೇ ಸ್ವಂತದ್ದು. ಚಿತ್ರದ ಸಂಸ್ಕಾರವೂ ನಮಗೆ ಹೊಸತಲ್ಲ. ರಾಯಚೂರ ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಹೊತ್ತ ಹೆಬ್ಬಂಡೆಯಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಜನರ ದುಡಿಮೆಯನ್ನು ಶಿಲ್ಪಿಯು ಅಲ್ಲಿಯೇ ಕೊರೆದಿಟ್ಟಿದ್ದಾನೆ. ಇಂಥ ನಾಡಿನ ಹುಡುಗನು ತನ್ನ ಮೊದಲ ಚಿತ್ರವನ್ನು ಜನರಿಗೆ ತೋರಿಸಲು ನೂರಾರು ಮೈಲಿ ಪಯಣಿಸಬೇಕಾಗುವುದು ನ್ಯಾಯವಲ್ಲ. ಮಹಾರಾಜನೊಬ್ಬನು ಒಬ್ಬ ಬಡ ಹುಡುಗನನ್ನು ಕಲ್ಕತ್ತೆಗೆ ಕಳುಹಿಸಿದನು. ಇಂದು ಆ ಹೊಣೆ ಪ್ರಜೆಗಳದು, ಪುರಸಭೆಗಳದು, ಅಧಿಕಾರಿಗಳದು. ತಾಲೂಕಿಗೊಂದು ಬೆಳಕಿರುವ ಕೋಣೆ, ಅದರ ಬಾಗಿಲು ಎಲ್ಲರಿಗೂ ತೆರೆದಿರುವ ಏರ್ಪಾಡು: ಇಷ್ಟನ್ನು ಮಾಡಿದರೂ ವೆಂಕಟಪ್ಪನವರ ಸ್ಮಾರಕವು ಎಡೆದೊರೆಯಲ್ಲಿಯೂ ನಿಂತಂತಾಗುವುದು.